ಗುಡ್ಡದ ಹಕ್ಕಿ, ಚಿಲುಮೆಯ ಸಾಲಮಾಂಡರ್

ಅಮೆರಿಕದ ಟೆಕ್ಸಾಸ್ ಸಂಸ್ಥಾನದ ರಾಜಧಾನಿ ಆಸ್ಟಿನ್ ನಗರದ ಪಶ್ಚಿಮಕ್ಕೆ ಸುಣ್ಣಕಲ್ಲಿನ ಗುಡ್ಡನಾಡು ಹಬ್ಬಿದೆ. ಆ ಗುಡ್ಡಗಳಲ್ಲಿ ಒಂದು ಹಾಡುಹಕ್ಕಿಯೂ, ನಗರದೊಳಗೇ ಉಕ್ಕುವ ಬಾರ್ಟನ್ ಚಿಲುಮೆಗಳಲ್ಲಿ ಒಂದು ಉಭಯಚರವೂ ಬಾಳುತ್ತಿವೆ. ಎರಡಕ್ಕೂ ಅಳಿವಿನ ಭಯ ಒದಗಿ, ಹಕ್ಕಿಗೆ 1990ರಲ್ಲಿ, ಉಭಯಚರಕ್ಕೆ 1997ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು. ಆದರೆ ಅವುಗಳ ಆಪತ್ತು ಒಂದೇ ಬಗೆಯದಲ್ಲ.

ಹಕ್ಕಿಯನ್ನು ಹೊಂಗೆನ್ನೆಯ ವಾರ್ಬ್ಲರ್ ಎನ್ನೋಣ. ಉದ್ದ ಸುಮಾರು ಐದು ಅಂಗುಲ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಚಳಿಗಾಲವನ್ನು ಕಳೆದು ಮಾರ್ಚ್ ತಿಂಗಳಲ್ಲಿ ಹಿಂದಿರುಗುತ್ತದೆ. ಇದು ಮೊಟ್ಟೆಯಿಡುವುದು ಟೆಕ್ಸಾಸಿನ ನಡುನಾಡಿನಲ್ಲಿ ಮಾತ್ರ. ಗೂಡಿನ ವಿಷಯದಲ್ಲಂತೂ ಬಹಳ ಹಟಮಾರಿ. ಬಲಿತ ಜ್ಯೂನಿಪರ್ ಮರದಿಂದ ಸುಲಿದ ತೊಗಟೆಯ ಎಳೆಗಳೇ ಅದಕ್ಕೆ ಬೇಕು. ಹೆಣ್ಣು ಅವನ್ನು ಜೇಡರ ನೂಲಿನಿಂದ ಬಿಗಿದು ಬಟ್ಟಲಿನಂತೆ ಕಟ್ಟುತ್ತದೆ. ಎಳೆಯ ಮರದ ತೊಗಟೆ ಹಾಗೆ ಸುಲಿದು ಬಾರದು. ಮನೆಗಳಿಗಾಗಿ ಹಳೆಯ ಮರಗಳನ್ನು ಕಡಿದಮೇಲೆ, ಸಸಿ ನೆಟ್ಟರೂ ಹತ್ತಾರು ವರ್ಷ ಕಾಯಬೇಕು. ಹಕ್ಕಿಗೆ ಅಷ್ಟು ಆಯುಸ್ಸಿಲ್ಲ.

ಇನ್ನು ಸಾಲಮಾಂಡರ್. ನೋಟಕ್ಕೆ ಹಲ್ಲಿಯಂತಿದ್ದರೂ ಇದು ಕಪ್ಪೆಯ ಬಳಗದ್ದು. ಎರಡೂವರೆ ಅಂಗುಲ ಬೆಳೆದರೆ ಹೆಚ್ಚು. ಗೊದಮೊಟ್ಟೆಯು ಬೆಳೆದಂತೆ ಕಿವಿರುಗಳನ್ನು ಕಳೆದುಕೊಂಡು ನೆಲಕ್ಕೆ ಬರುವುದನ್ನು ವಾಚಕರು ಬಲ್ಲರು. ಈ ಪ್ರಾಣಿ ಹಾಗೆ ಮಾಡುವುದೇ ಇಲ್ಲ. ಕತ್ತಿನ ಎರಡೂ ಕಡೆ ಕೆಂಪು ಗರಿಗಳಂತಹ ಕಿವಿರುಗಳನ್ನು ಹೊತ್ತು, ಹುಟ್ಟಿದ ನೀರಿನಲ್ಲೇ ಸಾಯುತ್ತದೆ. ಶ್ವಾಸಕೋಶವಿಲ್ಲ, ಕಿವಿರು ಮತ್ತು ತೊಗಲೇ ಉಸಿರಿನ ದಾರಿ. ಆದುದರಿಂದ ನೀರಿನಲ್ಲಿ ಕರಗಿದ ಆಮ್ಲಜನಕ ಕುಗ್ಗಿದರೆ ಅದಕ್ಕೆ ಬೇರೆ ಗತಿಯಿಲ್ಲ. ಬರಗಾಲದಲ್ಲಿ ಚಿಲುಮೆಯ ಹರಿವು ಇಳಿದಾಗ ಆಗುವುದು ಇದೇ.

ವಿಚಿತ್ರವೆಂದರೆ, ಈ ಚಿಲುಮೆಗಳಲ್ಲಿ ದೊಡ್ಡದು ನಗರದ ಜನರ ಈಜುಕೊಳವೂ ಹೌದು! ಹಿಂದೆ ಅದನ್ನು ತೊಳೆಯಲು ಕ್ಲೋರಿನ್ ಬಳಸುತ್ತಿದ್ದರು. ಆ ಪದ್ಧತಿ ನಿಂತಿತು. ಆದರೆ ನಿಜವಾದ ಅಪಾಯ ಕೊಳದಲ್ಲಿಲ್ಲ, ಮೈಲುಗಟ್ಟಲೆ ದೂರದಲ್ಲಿದೆ. ಸುಣ್ಣಕಲ್ಲು ಮಳೆನೀರಿಗೆ ಕರಗುವುದರಿಂದ ನೆಲದೊಳಗೆ ಬಿರುಕುಗಳೂ ಗುಹೆಗಳೂ ಉಂಟಾಗಿವೆ. ಹೊಳೆಯ ನೀರು ಅವುಗಳೊಳಗೆ ಇಳಿದು ಕೆಲವೇ ದಿನಗಳಲ್ಲಿ ಚಿಲುಮೆಯಲ್ಲಿ ಮೇಲೇಳಬಲ್ಲದು. ಮರಳಿನ ಪದರವು ಸೋಸುವಂತೆ ಈ ಕಲ್ಲು ಸೋಸದು. ರಸ್ತೆಯ ಎಣ್ಣೆ, ತೋಟದ ಕೀಟನಾಶಕ, ಕಟ್ಟಡದ ಕೆಸರು ಎಲ್ಲವೂ ಅದೇ ದಾರಿಯಲ್ಲಿ ಬರುತ್ತವೆ.

ಹಕ್ಕಿಗೆ ಬೇಕಾದ ಕಾಡನ್ನು ಗುರುತಿಸಿ ಕಾಯಬಹುದು. 1996ರಲ್ಲಿ ಆಸ್ಟಿನ್ ಬಳಿ ಅಂತಹ ರಕ್ಷಿತಾರಣ್ಯ ಏರ್ಪಟ್ಟಿತು. ಸಾಲಮಾಂಡರಿನ ಕೊಳಕ್ಕೆ ಬೇಲಿ ಹಾಕಿ ಏನು ಫಲ? 1998ರಲ್ಲಿ ನಗರದ ಮತದಾರರು, ಸಾಲಪತ್ರಗಳ ಹಣದಿಂದ ಚಿಲುಮೆಗೆ ನೀರುಣಿಸುವ ದೂರದ ಭೂಮಿಯನ್ನು ಕೊಳ್ಳಲು ಒಪ್ಪಿದರು. ಆ ನೆಲದ ಮೇಲೆ ನಡೆದವರಿಗೆ ಒಂದು ಸಾಲಮಾಂಡರೂ ಕಾಣಸಿಗದು. ಆದರೆ ಅದರ ಕೆಲವೆಡೆ, ಹಳೆಯ ಜ್ಯೂನಿಪರ್ ಉಳಿದಿರುವಲ್ಲಿ, ಮಾರ್ಚ್ ತಿಂಗಳಲ್ಲಿ ಹೊಂಗೆನ್ನೆಯ ಹಕ್ಕಿ ಹಾಡುತ್ತದೆ.