ಚೀಟಿಗಳಲ್ಲಿ ತೆರೆದುಕೊಳ್ಳುವ ಪದದ ಚರಿತ್ರೆ

‘ನೈಸ್’ ಎಂಬ ಇಂಗ್ಲಿಷ್ ಪದದ ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’, ಅಂದರೆ ಏನೂ ತಿಳಿಯದವನು. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಅದು ಪೆದ್ದನಿಗೆ ಸಲ್ಲುತ್ತಿತ್ತು. ಮುಂದೆ ಯಾವುದೂ ಸುಲಭಕ್ಕೆ ಒಪ್ಪಿಗೆಯಾಗದವನಿಗೆ, ಆಮೇಲೆ ಕರಾರುವಾಕ್ಕಾದ ಸೂಕ್ಷ್ಮಕ್ಕೆ, 18ನೆಯ ಶತಮಾನದ ಹೊತ್ತಿಗೆ ಹಿತವಾದದ್ದಕ್ಕೆಲ್ಲ ಸಂದಿತು. ಇಂಥ ದಾರಿಯನ್ನು ಊಹೆಯಿಂದ ಹಿಡಿಯಲಾಗದು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರು ಅದನ್ನು ಹಿಡಿದದ್ದು ಕಾಗದದ ಚೀಟಿಗಳಿಂದ.

1879ರಲ್ಲಿ ಸಂಪಾದಕರಾದ ಜೇಮ್ಸ್ ಮರ್ರೆ ಇಂಗ್ಲಿಷ್ ಓದುಗರಿಗೆಲ್ಲ ಮನವಿ ಹೊರಡಿಸಿದರು. ಓದುವಾಗ ಕಂಡ ಪದವನ್ನು ಚೀಟಿಯ ಎಡತುದಿಯಲ್ಲಿ ಬರೆಯಬೇಕು. ಅದರಡಿ ವರ್ಷ, ಲೇಖಕ, ಕೃತಿ, ಪುಟ. ಬಳಿಕ ಆ ಪದವಿರುವ ವಾಕ್ಯ, ಅಕ್ಷರವೂ ಬದಲಾಗದಂತೆ. ನಮ್ಮ ನಿಘಂಟುಕಾರರು ಇದನ್ನು ‘ಪ್ರಯೋಗ’ ಎನ್ನುತ್ತಾರೆ. ಓದುಗರ ಕಣ್ಣು ಅಪರೂಪದ ಪದಕ್ಕೇ ನಾಟುವುದು ಸಹಜ. ಬಳಕೆ ತಪ್ಪಿದ ‘ಅಬ್ಯೂಷನ್’ಗೆ ಸುಮಾರು 50 ಚೀಟಿ ಬಂದಿದ್ದರೆ, ಎಲ್ಲರೂ ಆಡುವ ‘ಅಬ್ಯೂಸ್’ಗೆ ಐದೂ ಇರಲಿಲ್ಲ! ದಿನಬಳಕೆಯ ಪದವನ್ನು ನಿಂತು ನೋಡುವುದೇ ಈ ಕಸುಬಿನ ಕಷ್ಟದ ಭಾಗ.

ಮರ್ರೆಯವರ ಮನೆಯ ಹಿತ್ತಲಲ್ಲಿ ತಗಡಿನ ಕೊಠಡಿಯೊಂದಿತ್ತು. ಹೆಸರು ಸ್ಕ್ರಿಪ್ಟೋರಿಯಂ. ಅದರ ಗೋಡೆಗೆ ಚೀಟಿ ಇಡುವ ನೂರಾರು ಗೂಡುಗಳು. ಮೊದಲು ಅಕಾರಾದಿಯಾಗಿ, ನಂತರ ಕಾಲಾನುಕ್ರಮವಾಗಿ ವಿಂಗಡಣೆ. ಈ ಕೆಲಸಕ್ಕೆ ಅವರ ಮಕ್ಕಳೂ ಕೈಜೋಡಿಸಿದ್ದರು.

ನಿಜವಾದ ಕುಶಲತೆ ಬೇಕಾಗುವುದು ಇದರ ಮುಂದೆ. ಸಂಪಾದಕರು ಒಂದು ಪದದ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ ಒಂದೊಂದನ್ನೇ ಓದುತ್ತಾರೆ. ಒಂದೇ ಅರ್ಥದವು ಒಂದು ಕಂತೆಗೆ. ಕೆಲವು ಚೀಟಿಗಳು ಈ ಕಂತೆಗೂ ಸೇರವು, ಆ ಕಂತೆಗೂ ಸೇರವು; ವಾಕ್ಯವನ್ನು ಎರಡು ಬಗೆಯಲ್ಲೂ ಓದಬಹುದು. ನನಗೆ ಅವೇ ಎಲ್ಲಕ್ಕಿಂತ ಬೆಲೆಯುಳ್ಳವೆನಿಸುತ್ತವೆ: ಅರ್ಥ ಹೊರಳುತ್ತಿರುವ ಗಳಿಗೆ ಅಲ್ಲೇ ಸಿಗುತ್ತದೆ. ಅರ್ಥವಿವರಣೆ ಬರೆಯುವುದು ಕಂತೆಗಳಾದ ಮೇಲೆ; ಅದು ಆ ಕಂತೆಯ ಪ್ರತಿ ವಾಕ್ಯಕ್ಕೂ ಹೊಂದಬೇಕು. ವ್ಯುತ್ಪತ್ತಿಯದು, ಅಂದರೆ ಪದದ ಹುಟ್ಟಿನದು, ಬೇರೆಯೇ ಪರೀಕ್ಷೆ. ಎರಡು ಪದಗಳು ಕಿವಿಗೆ ಒಂದೇ ಆಗಿ ಕೇಳಿಸಿದರೆ ಸಾಲದು. ಒಂದು ಭಾಷೆಯಿಂದ ಇನ್ನೊಂದಕ್ಕೆ ಬರುವಾಗ ಧ್ವನಿಗಳು ಬದಲಾಗುವ ಕ್ರಮಕ್ಕೆ ಆ ಹೋಲಿಕೆ ಒಪ್ಪಬೇಕು. ಅರ್ಥಕ್ಕೂ ಕಾಲಕ್ಕೂ ತಾಳೆಯಾಗಬೇಕು.

ಮರ್ರೆ ತೀರಿಕೊಂಡದ್ದು 1915ರಲ್ಲಿ, ನಿಘಂಟು ಮುಗಿದದ್ದು 1928ರಲ್ಲಿ. ಅದರಲ್ಲಿ 4,14,825 ಪದಗಳು, 18 ಲಕ್ಷಕ್ಕೂ ಮಿಕ್ಕ ಪ್ರಯೋಗಗಳು. ಪರಿಷ್ಕರಣೆ ಈಗಲೂ ನಡೆದಿದೆ. ದಾಖಲಾದದ್ದಕ್ಕಿಂತ ಹಳೆಯ ಪ್ರಯೋಗವೊಂದು ಯಾರಿಗಾದರೂ ಸಿಕ್ಕರೆ ಕಳಿಸಬಹುದು. ಪರಿಶೀಲನೆಯಲ್ಲಿ ನಿಂತರೆ ಆ ಪದದ ಮೊದಲ ವರ್ಷ ಹಿಂದಕ್ಕೆ ಸರಿಯುತ್ತದೆ.