ಲೆಕ್ಕದ ಮಾತು, ಓದಿನ ಜೊತೆ

ಏಳರಲ್ಲಿ ನಾಲ್ಕು ಕಳೆದರೆ? ಮಗು ಥಟ್ಟನೆ ‘ಮೂರು’ ಅನ್ನುತ್ತದೆ. ‘ನಾಲ್ಕಕ್ಕಿಂತ ಏಳು ಎಷ್ಟು ಹೆಚ್ಚು?’ ಅಂದರೆ ಸುಮ್ಮನಾಗುತ್ತದೆ. ಲೆಕ್ಕ ಗೊತ್ತು, ಆ ಮಾತು ಹೊಸದು.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಸರ್ಕಾರಿ ಶಾಲೆಗಳಲ್ಲಿ 1ರಿಂದ 3ನೇ ತರಗತಿಗೆ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಪದ್ಧತಿ. ಓದು, ಗಣಿತ ಒಂದೇ ಕೋಣೆಯಲ್ಲಿ ನಡೆಯುವಾಗ ಎರಡನ್ನೂ ಬೆಸೆಯುವುದು ಸುಲಭ.

ಅಕ್ಕೋರೇ, ಕತೆ ಓದುತ್ತಾ ನಡುವೆ ಕೇಳಿ: ಮೊದಲು ಯಾರು ಬಂದರು? ಆಮೇಲೆ? ಬುಟ್ಟಿಯಲ್ಲಿ ಎಷ್ಟು ಉಳಿದವು?

ಮನೆಯಲ್ಲಿ ಅವ್ವ ರೊಟ್ಟಿ ಮುರಿಯುವಾಗ ಅರ್ಧ, ಕಾಲು ಅನ್ನಲಿ. ಸವಣೂರಿನ ದೊಡ್ಡಹುಣಸೆ ಮರವನ್ನು ತಬ್ಬಲು ಎಷ್ಟು ಮಕ್ಕಳು ಬೇಕು? ಅಲ್ಲಿ ‘ಸುತ್ತಳತೆ’ ಕಣ್ಣಿಗೇ ಕಾಣುತ್ತದೆ!

ಅಂದು ಆಡಿದ ಪದವನ್ನು ಅಂದೇ ಪಾಟಿಯ ಮೇಲೆ ಬರೆಸಿ, ಓದಿಸಿ. ಮಗು ‘ಜಾಸ್ತಿ’ ಅಂದರೆ ತಿದ್ದಬೇಡಿ. ಪಕ್ಕದಲ್ಲಿ ‘ಹೆಚ್ಚು’ ಬರೆಯಿರಿ.