ಸ್ಮ್ಯಾಶ್ ಮಾಡಿದ ತೋಳಿಗೆ ಬ್ರೇಕ್ ಹಾಕುವವರು

2009ರ ಯು.ಎಸ್. ಓಪನ್‌ನಲ್ಲಿ ಟೆನಿಸ್ ಆಟಗಾರ್ತಿ ಮರಿಯಾ ಶರಪೋವಾ ಒಂದೇ ಪಂದ್ಯದಲ್ಲಿ 21 ಡಬಲ್ ಫಾಲ್ಟ್ ಮಾಡಿ ಸೋತರು. ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ ಅವರ ಬಲಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು. ಅವರು ಅಂಗಳಕ್ಕೆ ಮರಳಿದ್ದರೂ ಸರ್ವ್ ಇನ್ನೂ ಮರಳಿರಲಿಲ್ಲ. ಫ್ರೆಂಚ್ ಓಪನ್ ಗೆಲ್ಲಲು 2012 ಬರಬೇಕಾಯಿತು.

ಅವರ ಭುಜದಲ್ಲಿ ಹರಿದಿದ್ದದ್ದು ರೊಟೇಟರ್ ಕಫ್. ಹೆಗಲೆಲುಬಿನಿಂದ ಹೊರಟು ತೋಳಿನ ಮೂಳೆಯ ತಲೆಯನ್ನು ಬಳಸಿ ಹಿಡಿಯುವ ನಾಲ್ಕು ಸ್ನಾಯುಗಳ ಗುಂಪು ಇದು. ಭುಜದ ಕೀಲಿನ ಗುಳಿಗೆ ಆಳವಿಲ್ಲ. ತೋಳು ಎತ್ತ ಬೇಕಾದರೂ ತಿರುಗುವುದು ಅದರಿಂದಲೇ, ಕೀಲು ಬೇಗ ಸಡಿಲವಾಗುವುದೂ ಅದರಿಂದಲೇ. ಟೆನಿಸ್ ಸರ್ವ್‌ನಲ್ಲಿ ತೋಳು ಒಳಮುಖವಾಗಿ ತಿರುಗುವ ವೇಗ ಸೆಕೆಂಡಿಗೆ 2000 ಡಿಗ್ರಿ ದಾಟಬಲ್ಲದು. ಬ್ಯಾಡ್ಮಿಂಟನ್ ಸ್ಮ್ಯಾಶ್‌ನದೂ ಇಂಥದ್ದೇ ಆರ್ಭಟ. ಚೆಂಡು ಹೋದ ಮೇಲೆ ಆ ವೇಗವನ್ನು ಯಾರಾದರೂ ತಡೆಯಬೇಕಲ್ಲ! ಎದೆ, ಬೆನ್ನಿನ ದೊಡ್ಡ ಸ್ನಾಯುಗಳು ವೇಗ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಭುಜದ ಹಿಂಭಾಗದ ಪುಟ್ಟ ಸ್ನಾಯುಗಳು ಹಿಗ್ಗುತ್ತಲೇ ಬ್ರೇಕ್ ಹಾಕುತ್ತವೆ. ವರ್ಷಗಟ್ಟಲೆ ಆಡಿದವರಲ್ಲಿ ಮುಂಭಾಗ ಬಲಿಯುತ್ತದೆ, ಹಿಂಭಾಗ ಹಿಂದೆಯೇ ಉಳಿಯುತ್ತದೆ. ಜಿಮ್‌ನ ಕನ್ನಡಿಯಲ್ಲಿ ಕಾಣುವುದು ಎದೆ ತಾನೇ, ಬೆನ್ನ ಹಿಂದಿನದನ್ನು ಕೇಳುವವರು ಯಾರು?

ಹಾಗಾಗಿ ನೋವು ತಗ್ಗಿದ ಮೇಲೆ ಫಿಸಿಯೋಥೆರಪಿಸ್ಟ್ ಮೊದಲು ಹಿಡಿಯುವುದು ಈ ಹಿಂಭಾಗವನ್ನೇ. ಮೊಣಕೈಯನ್ನು ಪಕ್ಕೆಗೆ ಒತ್ತಿ, ರಬ್ಬರ್ ಬ್ಯಾಂಡನ್ನು ಹೊರಕ್ಕೆ ಎಳೆಯಬೇಕು. ಎಳೆದದ್ದನ್ನು ನಿಧಾನವಾಗಿ ಬಿಡುತ್ತಾ ಬರುವುದೇ ನಿಜವಾದ ವ್ಯಾಯಾಮ, ಬ್ರೇಕ್ ಹಾಕುವ ಸ್ನಾಯು ಅಲ್ಲೇ ಪಳಗುತ್ತದೆ. ಆಮೇಲೆ ಅದೇ ಕೆಲಸ ತೋಳನ್ನು ಭುಜದ ಮಟ್ಟಕ್ಕೆ ಎತ್ತಿ. ಹೊರಕ್ಕೆ ತಿರುಗಿಸುವ ಬಲ ಒಳಕ್ಕೆ ತಿರುಗಿಸುವ ಬಲದ ಮೂರನೇ ಎರಡರಿಂದ ಮುಕ್ಕಾಲು ಭಾಗದಷ್ಟಾದರೂ ಇರಬೇಕೆಂಬುದು ರೂಢಿಯ ಅಳತೆ. ಆಡುವ ಕೈ ಒಳಕ್ಕೆ ತಿರುಗದಷ್ಟು ಬಿಗಿದಿದ್ದರೆ, ಅದನ್ನು ಎದೆಗೆ ಅಡ್ಡಲಾಗಿ ಎಳೆದು ಭುಜದ ಹಿಂಬದಿಯನ್ನು ಸಡಿಲಿಸುತ್ತಾರೆ.

ಹೆಗಲೆಲುಬು ನೆಟ್ಟಗೆ ಜಾರದಿದ್ದರೆ ಇದೆಲ್ಲ ವ್ಯರ್ಥ. ಪುಷ್‌ಅಪ್‌ನ ಕೊನೆಯಲ್ಲಿ ಬೆನ್ನನ್ನು ಇನ್ನೊಂದಿಷ್ಟು ಮೇಲಕ್ಕೆ ತಳ್ಳಿಸುವುದು ಅದಕ್ಕೇ. ಇನ್ನು ಸರ್ವ್‌ನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಬರುವುದು ಕಾಲು, ಸೊಂಟ, ನಡುವಿನಿಂದ. ಕಾಲು ಸೋಮಾರಿಯಾದರೆ ಸಾಲ ತೀರಿಸುವುದು ಭುಜ. ಭುಜನೋವೆಂದು ಹೋದವರಿಗೆ ಬಸ್ಕಿ ಹೊಡೆಸಿದರೆ ಗೊಣಗಬೇಕಾಗಿಲ್ಲ.

ಅಂಗಳಕ್ಕೆ ಮರಳುವಾಗ ಮೊದಲು ತಲೆಯ ಮಟ್ಟಕ್ಕಿಂತ ಕೆಳಗಿನ ಹೊಡೆತಗಳು, ನಂತರ ಅರ್ಧ ವೇಗದ ಸರ್ವ್, ಎಲ್ಲಕ್ಕೂ ಕೊನೆಗೆ ಸ್ಮ್ಯಾಶ್, ಅದೂ ಎಣಿಸಿ. ಆಡುವಾಗ ನೋಯಲಿಲ್ಲ ಎಂದ ಮಾತ್ರಕ್ಕೆ ಮುಂದಿನ ಹಂತಕ್ಕೆ ಬಿಡುವುದಿಲ್ಲ. ಮರುದಿನ ಬೆಳಿಗ್ಗೆ ಭುಜ ಹೇಗಿದೆ ಎಂದು ಕೇಳಿ, ನೋವು ಹೆಚ್ಚಿದ್ದರೆ ಎಣಿಕೆ ಇಳಿಸುತ್ತಾರೆ.